ಒಡೆದ ನಾಳಕ್ಕೆ ಸ್ಟೆಂಟ್: ಮೇದೋಜೀರಕ ಚಿಕಿತ್ಸೆಯ ಚರಿತ್ರೆಯಿಂದ ಒಂದು ಎಳೆ

1642ರಲ್ಲಿ ಪಡುವಾ ನಗರದಲ್ಲಿ ಯೋಹಾನ್ ಗೇಯೋರ್ಗ್ ವಿರ್ಸುಂಗ್, ಗಲ್ಲಿಗೇರಿದವನೊಬ್ಬನ ಶವಚ್ಛೇದನ ಮಾಡುವಾಗ ಮೇದೋಜೀರಕ ಗ್ರಂಥಿಯ ಮುಖ್ಯ ನಾಳವನ್ನು ಕಂಡ. ಅದನ್ನು ತಾಮ್ರದ ಫಲಕದ ಮೇಲೆ ಕೊರೆಸಿ, ಇದರ ಕೆಲಸವೇನೆಂದು ಹೆಸರಾಂತ ವೈದ್ಯರಿಗೆ ಪತ್ರ ಬರೆದ. ಮರುವರ್ಷವೇ ಗುಂಡಿಗೆ ಬಲಿಯಾದ. 1664ರಲ್ಲಿ ಲೈಡನ್‌ನ ರೆಗ್ನಿಯರ್ ಡಿ ಗ್ರಾಫ್, ನಾಯಿಯ ಅದೇ ನಾಳಕ್ಕೆ ಬಾತುಕೋಳಿಯ ಗರಿಯ ಕೊಳವೆ ತೂರಿಸಿ ರಸ ಹಿಡಿದ. ನಾಳದೊಳಗೆ ಇಡುವ ಕೊಳವೆಯಾದ ಸ್ಟೆಂಟ್‌ನ ಕಥೆಯನ್ನು ಸಾಮಾನ್ಯವಾಗಿ 1980ರ ದಶಕದಿಂದ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಆ ಗರಿಯಿಂದಲೇ ಶುರು.

ಬದುಕಿರುವ ಮನುಷ್ಯನ ನಾಳವನ್ನು ಹೊಟ್ಟೆ ಕೊಯ್ಯದೆ ಮುಟ್ಟಲು ಮತ್ತೆ ಮುನ್ನೂರು ವರ್ಷ ಬೇಕಾಯಿತು. 1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ತಂಡ ಎಂಡೋಸ್ಕೋಪ್ ಮೂಲಕ ನಾಳದ ಬಾಯಿಗೆ ಸಣ್ಣ ನಳಿಕೆ ಹಾಕಿತು. 1974ರಲ್ಲಿ ಎರ್ಲಾಂಗೆನ್ ಮತ್ತು ಕ್ಯೋಟೊದ ವೈದ್ಯರು ಆ ಬಾಯಿಯ ಸ್ನಾಯುವನ್ನು ಒಳಗಿನಿಂದಲೇ ಕತ್ತರಿಸಿದರು. 1979ರಲ್ಲಿ ಹ್ಯಾಂಬರ್ಗ್‌ನ ನಿಬ್ ಸೊಹೇಂದ್ರ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದ ವರದಿ ಬಂತು. ಮೇದೋಜೀರಕ ನಾಳದ ಸರದಿ ತಡವಾಗಿ ಬಂದದ್ದು ಸಹಜ. ಆ ಗ್ರಂಥಿಯನ್ನು ಕೆಣಕಿದರೆ ಉರಿಯೂತ ಎದ್ದೀತೆಂಬ ಭಯ ಎಲ್ಲರಿಗೂ ಇತ್ತು.

ನಾಳ ಒಡೆಯುವುದು ತೀವ್ರ ಉರಿಯೂತದಲ್ಲಿ ಗ್ರಂಥಿಯ ಭಾಗ ಸತ್ತಾಗ, ಶಸ್ತ್ರಚಿಕಿತ್ಸೆಯಲ್ಲಿ ಗಾಯವಾದಾಗ, ಸೈಕಲ್ ಹ್ಯಾಂಡಲ್ ಮಗುವಿನ ಹೊಟ್ಟೆಗೆ ಬಡಿದಾಗ. ಸೋರಿದ ರಸ ಹೊಟ್ಟೆಯಲ್ಲೋ ಎದೆಗೂಡಿನಲ್ಲೋ ನಿಲ್ಲುತ್ತದೆ. ನಾಳದ ಬಾಯಲ್ಲಿ ಒಡ್ಡಿ ಎಂಬ ಸ್ನಾಯುವಿನ ಬಿಗಿ ಇರುವುದರಿಂದ ರಸಕ್ಕೆ ಕರುಳಿನ ದಾರಿಗಿಂತ ಬಿರುಕಿನ ದಾರಿಯೇ ಸಲೀಸು. ಸ್ಟೆಂಟ್ ಈ ಲೆಕ್ಕವನ್ನು ತಿರುಗಿಸುತ್ತದೆ. ವೈದ್ಯರು ಮೊದಲು ಒಂದು ಮಿಲಿಮೀಟರ್‌ಗೂ ತೆಳುವಾದ ತಂತಿಯನ್ನು ನಾಳದೊಳಗೆ ಸರಿಸುತ್ತಾರೆ. ಅದರ ಮೇಲೆ, ಪಕ್ಕದಲ್ಲಿ ರಂಧ್ರಗಳಿರುವ ಪ್ಲಾಸ್ಟಿಕ್ ಕೊಳವೆಯನ್ನು ಮೆಲ್ಲಗೆ ತಳ್ಳುತ್ತಾರೆ. 5 ಫ್ರೆಂಚ್ ಅಳತೆಯದು ಸುಮಾರು 1.7 ಮಿಲಿಮೀಟರ್ ದಪ್ಪ. ಹೊರತುದಿ ಕರುಳಿನಲ್ಲಿರುತ್ತದೆ.

1991ರಲ್ಲಿ ಸಿಯಾಟಲ್‌ನ ರಿಚರ್ಡ್ ಕೋಜಾರೆಕ್ ತಂಡ, ಒಡೆದ ನಾಳಕ್ಕೆ ಹೀಗೆ ಚಿಕಿತ್ಸೆ ಕೊಟ್ಟ ಅನುಭವವನ್ನು ಪ್ರಕಟಿಸಿತು. ಅದಕ್ಕೆ ಒಂದು ವರ್ಷ ಮುಂಚೆ ಇದೇ ಕೋಜಾರೆಕ್, ಸ್ಟೆಂಟ್‌ಗಳೇ ನಾಳದಲ್ಲಿ ದೀರ್ಘಕಾಲೀನ ಉರಿಯೂತದಂಥ ಬದಲಾವಣೆ ತರಬಲ್ಲವೆಂದು ಎಚ್ಚರಿಸಿದ್ದರು. ತಾವು ಬೆಳೆಸುತ್ತಿದ್ದ ಚಿಕಿತ್ಸೆಯ ಕೇಡನ್ನೂ ತಾವೇ ಬರೆದಿಟ್ಟ ಈ ಪ್ರಾಮಾಣಿಕತೆಗೆ ಚರಿತ್ರೆಯಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಕೊಳವೆ ಎಲ್ಲಿಯವರೆಗೆ ಹೋಗಬೇಕು? ಬಾಯಿಯ ಬಿಗಿ ತಪ್ಪಿಸಿದರೆ ಸಾಕೆಂಬ ನಂಬಿಕೆಯನ್ನು 2002 ಮತ್ತು 2005ರ ಅಮೆರಿಕದ ಅಧ್ಯಯನಗಳು ಅಲುಗಾಡಿಸಿದವು. ಎರಡನೆಯದರಲ್ಲಿ 97 ರೋಗಿಗಳಿದ್ದರು. ಗುಣವಾದವರು ಅರ್ಧಕ್ಕಿಂತ ತುಸು ಹೆಚ್ಚು. ಬಿರುಕನ್ನು ದಾಟಿ ಆಚೆಯ ನಾಳದೊಳಗೆ ಸ್ಟೆಂಟ್ ತಲುಪಿದವರಲ್ಲಿ ಫಲ ಎದ್ದು ಕಾಣುವಷ್ಟು ಚೆನ್ನಾಗಿತ್ತು.

ನಾಳ ಪೂರ್ತಿ ತುಂಡಾಗಿದ್ದರೆ ತಂತಿ ಆಚೆಗೆ ದಾಟುವುದಿಲ್ಲ, ಆಚೆಗಿರುವ ಗ್ರಂಥಿಯ ಬಾಲದ ಭಾಗ ಮಾತ್ರ ರಸ ಸುರಿಸುತ್ತಲೇ ಇರುತ್ತದೆ. ಅಂಥವರಿಗೆ ಜಠರದ ಗೋಡೆಯ ಮೂಲಕವೇ ರಸಕ್ಕೆ ದಾರಿ ಮಾಡಿ, ಆ ಸ್ಟೆಂಟ್‌ಗಳನ್ನು ತೆಗೆಯದೆ ಬಿಟ್ಟರೆ ದ್ರವ ಮತ್ತೆ ಕೂಡುವುದು ಕಡಿಮೆಯೆಂದು 2007ರಲ್ಲಿ ಬ್ರಸೆಲ್ಸ್‌ನ ವೈದ್ಯರು ತೋರಿಸಿದರು. ಆದರೆ ನಮ್ಮ ನೆರೆಯ ಹೈದರಾಬಾದ್‌ನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ 104 ರೋಗಿಗಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜಠರದ ಗೋಡೆಯ ಮೂಲಕ ಮೊದಲು ಹಾಕಿದ್ದ ಲೋಹದ ಸ್ಟೆಂಟ್ ತೆಗೆದ ಮೇಲೆ ಪ್ಲಾಸ್ಟಿಕ್ ಸ್ಟೆಂಟ್ ಇಟ್ಟವರಿಗೂ ಇಡದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ.