ತಂಪಿನ ಋಣ

ಕಲಬುರಗಿಯ ಬೇಸಿಗೆಯನ್ನು ಅನುಭವಿಸದವರಿಗೆ ಅದನ್ನು ವರ್ಣಿಸಿ ತಿಳಿಸುವುದು ಕಷ್ಟ. ಮೇ ತಿಂಗಳಲ್ಲಿ ಉಷ್ಣಮಾನ 42 ಡಿಗ್ರಿಗೆ ಏರುವುದು ಇಲ್ಲಿ ಸುದ್ದಿಯೇ ಅಲ್ಲ. ಹೋದ ವರ್ಷ ಅಂಥದೊಂದು ದಿನ ನಮ್ಮ ಅವ್ವ ಮಲಗುವ ಕೋಣೆಯ ಏ.ಸಿ. ಗುರುಗುಡುತ್ತಿತ್ತೇ ಹೊರತು ಕೋಣೆಯನ್ನು ತಂಪು ಮಾಡುತ್ತಿರಲಿಲ್ಲ. ಅವ್ವನಿಗೆ 78 ವರ್ಷ. ಹೃದಯದ ಬೇನೆ ಬೇರೆ. ಬಿಸಿಲ ಧಗೆ ತಾಗದಂತೆ ನೋಡಿಕೊಳ್ಳಿರೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಮಿಸ್ತ್ರಿ ಮರುದಿನ ಬರುವೆನೆಂದ. ರಾತ್ರಿ ಹತ್ತರ ಸುಮಾರಿಗೆ ಕರೆಂಟೂ ಹೋಯಿತು. ಒದ್ದೆ ಬಟ್ಟೆಯನ್ನು ಅವಳ ಹಣೆಗಿಟ್ಟು, ಅಟ್ಟದ ಮೇಲಿನಿಂದ ಹಳೆಯ ಬಿದಿರಿನ ಬೀಸಣಿಗೆಯೊಂದನ್ನು ಹುಡುಕಿ ತಂದು ಗಾಳಿ ಹಾಕುತ್ತ ಕುಳಿತೆ. ಅರ್ಧ ಗಂಟೆಯಲ್ಲಿ ಬಲಗೈ ಸೋತಿತು, ಎಡಗೈಗೆ ಬದಲಾಯಿಸಿದೆ.

“ಸಾಕು ಬಿಡೋ ತಮ್ಮಾ, ನನಗ ನೀ ಗಾಳಿ ಹಾಕಿದ್ರ ನಿನಗ ಯಾರು ಹಾಕಬೇಕು?” ಎಂದಳು ಅವ್ವ.

ನಗುತ್ತ ಆಡಿದ ಮಾತು. ಆದರೆ ಕತ್ತಲಲ್ಲಿ ಬೀಸಣಿಗೆ ಬೀಸುತ್ತ ಕುಳಿತವನಿಗೆ ಅದು ಬಹಳ ಹೊತ್ತು ಕಿವಿಯಲ್ಲಿಯೇ ಉಳಿಯಿತು. ಮನುಷ್ಯ ಬೇಸಿಗೆಯನ್ನು ಗೆಲ್ಲಹೊರಟ ಚರಿತ್ರೆಯನ್ನೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬರೆಯಬಹುದೆಂದು ನನಗೆ ಆ ರಾತ್ರಿ ತೋರಿತು.

ನಮ್ಮ ಹಿರಿಯರು ತಂಪನ್ನು ಮೊದಲು ಬೇಡಿದ್ದು ಗೋಡೆಯನ್ನು. ಈ ಭಾಗದ ಹಳೆಯ ಮನೆಗಳನ್ನು ನೋಡಿರಿ: ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ತಲೆ ಬಾಗಿಸಿ ಹೋಗಬೇಕಾದ ಬಾಗಿಲು, ಸಣ್ಣ ಬೆಳಕಿಂಡಿ, ಕಾಲಿಟ್ಟರೆ ತಣ್ಣಗೆನ್ನುವ ಶಹಾಬಾದಿ ಫರಸಿ. ಹೊರಗಿನ ಕಾವು ಅಷ್ಟು ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆಗ ಮನೆಯವರು ಹಾಸಿಗೆ ಸುತ್ತಿಕೊಂಡು ಮಾಳಿಗೆಗೆ ಹೋಗುತ್ತಾರೆ. ಗೋಡೆ ಕಟ್ಟುವಾಗ ಪಟ್ಟ ಶ್ರಮ ಒಂದೇ ಸಲದ್ದು; ಆಮೇಲೆ ಆ ತಂಪಿಗಾಗಿ ದಿನದಿನವೂ ಯಾರೂ ಬೆವರು ಸುರಿಸಬೇಕಾಗಿರಲಿಲ್ಲ.

ಅರಮನೆಗಳಿಗೆ ಇಷ್ಟು ಸಾಲದು. ಏಳನೆಯ ಶತಮಾನದ ಬಾಣಭಟ್ಟ ತನ್ನ ‘ಕಾದಂಬರಿ’ಯಲ್ಲಿ ಹಿಮಗೃಹವೊಂದನ್ನು ಕಟ್ಟಿ ನಿಲ್ಲಿಸಿದ್ದಾನೆ, ನಾಗವರ್ಮ ಆ ಕಥೆಯನ್ನು ಕನ್ನಡಕ್ಕೆ ತಂದ. ವಿರಹದಿಂದ ಬೆಂದ ಕಾದಂಬರಿ ಅಲ್ಲಿ ಮಲಗಿರುತ್ತಾಳೆ. ಈ ಕಥೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ; ನಾಯಕಿಯ ತಾಪವನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದ್ದೇನೆ. ಆದರೆ ಚಂದನ ತೇಯುವ, ತಾವರೆಯ ಎಲೆ ಹಾಸುವ, ನೀರು ಚಿಮುಕಿಸುವ ಪರಿಚಾರಿಕೆಯರಿಗೂ ಸೆಕೆಯಾಗುತ್ತಿತ್ತೇ ಎಂದು ವಿದ್ಯಾರ್ಥಿಗಳು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಕಾವ್ಯದಿಂದ ಚರಿತ್ರೆಗೆ ಬಂದರೆ ಮೊದಲು ಎದುರಾಗುವುದು ಲಾವಂಚದ ಬೇರು. ಅಕ್ಬರನ ಕಾಲದಲ್ಲಿ ಈ ಬೇರನ್ನು ಹೆಣೆದು ಕಟ್ಟಿದ ಕೋಣೆಗಳಿದ್ದುವೆಂದೂ, ಕುಡಿಯುವ ನೀರನ್ನು ಸುರುಪ್ಪಿನಿಂದ ತಣಿಸುತ್ತಿದ್ದರೆಂದೂ ಅಬುಲ್ ಫಜಲನ ‘ಐನ್-ಎ-ಅಕ್ಬರಿ’ಯಿಂದ ತಿಳಿಯುತ್ತದೆ. ಮುಂದೆ ಇಂಗ್ಲಿಷರೂ ಈ ಉಪಾಯವನ್ನು ಕಲಿತರು. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ಅದಕ್ಕೆ ನೀರೆರಚಿದರೆ, ಹೊರಗಿನ ಒಣಗಾಳಿ ಅದರ ಮೂಲಕ ಹಾಯುವಾಗ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ, ಇಂದು ನಮ್ಮೂರಿನ ಮನೆಮನೆಯ ಕಿಟಕಿಯಲ್ಲಿ ಕೂತಿರುವ ಕೂಲರ್ ತಂಪು ಬೀರುವುದೂ ಇದೇ ನ್ಯಾಯದಿಂದ. ಗಾಳಿ ಒಣಗಿದ್ದಷ್ಟೂ ಇದು ಚೆನ್ನ. ಮಂಗಳೂರಿನಂಥ ಕಡಲತಡಿಯಲ್ಲಿ, ಮೊದಲೇ ತೇವವುಂಡ ಗಾಳಿಯ ಮುಂದೆ, ಇದರ ಆಟ ನಡೆಯದು. ಆದರೆ ತಟ್ಟಿ ಒಣಗಿದೊಡನೆ ತಂಪೂ ಮಾಯ. ಆದ್ದರಿಂದ ಒಬ್ಬ ಆಳು ಉರಿಬಿಸಿಲಿನಲ್ಲಿ ಹೊರಗೆ ನಿಂತು ಮಧ್ಯಾಹ್ನವೆಲ್ಲ ನೀರೆರಚುತ್ತಿರಬೇಕು. ಒಳಗೆ ಸುಗಂಧ, ಹೊರಗೆ ಬೆವರು.

ಪಂಖದ ಕಥೆ ಇದಕ್ಕಿಂತ ಕಠಿಣ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯ ಆಂಗ್ಲರ ಮನೆಗಳಲ್ಲಿ ಬಟ್ಟೆ ಬಿಗಿದ ದೊಡ್ಡ ಚೌಕಟ್ಟು ಮಾಡಿಗೆ ತೂಗಹತ್ತಿತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತಿತ್ತು. ವರಾಂಡದಲ್ಲಿ ಕುಳಿತವನು ಅದನ್ನು ಎಳೆಯಬೇಕು, ಬಿಡಬೇಕು; ಮತ್ತೆ ಎಳೆಯಬೇಕು. ಕಚೇರಿ, ನ್ಯಾಯಾಲಯ, ಇಗರ್ಜಿ, ಸೈನಿಕರ ಬಿಡಾರ—ಎಲ್ಲ ಕಡೆಯೂ ಇದೇ ಏರ್ಪಾಡು. ರಾತ್ರಿಯಿಡೀ ಎಳೆಯುವವನು ಕೈ ಸೋತರೆ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಎಳೆಯುತ್ತಿದ್ದ. ತೂಕಡಿಸಿದರೆ ಪಂಖ ನಿಲ್ಲುತ್ತಿತ್ತು, ಒಳಗಿನ ಧಣಿಗೆ ಎಚ್ಚರವಾಗುತ್ತಿತ್ತು. ಒದೆ ತಿಂದು ಸತ್ತ ಪಂಖದಾಳುಗಳ ಮೊಕದ್ದಮೆಗಳು ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿವೆ. ಸತ್ತವನ ಗುಲ್ಮ ಮಲೇರಿಯದಿಂದ ಮೊದಲೇ ಊದಿತ್ತು, ಅದಕ್ಕೇ ಒಡೆಯಿತು, ಎಂಬ ವಾದದ ಮೇಲೆ ಹೊಡೆದವರು ಅಲ್ಪ ಶಿಕ್ಷೆಯಿಂದ ಪಾರಾಗುತ್ತಿದ್ದುದೂ ಉಂಟು. ಅರ್ಧ ಗಂಟೆ ಬೀಸಣಿಗೆ ಬೀಸಿ ಕೈ ನೋಯಿಸಿಕೊಂಡ ನನಗೆ, ಗೋಡೆಯ ಆಚೆ ಕುಳಿತ ಆ ಹೆಸರಿಲ್ಲದವನು ಅಂದು ಮೊದಲ ಬಾರಿ ಹತ್ತಿರದವನೆನಿಸಿದ.

ಅದೇ ಕಾಲದಲ್ಲಿ ತಂಪು ಸಮುದ್ರ ದಾಟಿ ಬರತೊಡಗಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಹೆಪ್ಪುಗಟ್ಟಿದ ಕೆರೆಗಳ ಮಂಜುಗಡ್ಡೆಯನ್ನು ಕೊಯ್ಯಿಸಿ, ಹಡಗಿಗೆ ತುಂಬಿಸಿ ಮಾರುತ್ತಿದ್ದ. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಮಂಜುಗಡ್ಡೆಯನ್ನು ಹೊತ್ತು ಹೊರಟು, ನಾಲ್ಕು ತಿಂಗಳ ಯಾನದ ಬಳಿಕ ಕಲ್ಕತ್ತೆಯನ್ನು ಸೇರಿತು. ಸುಮಾರು 100 ಟನ್ ಕರಗದೆ ಉಳಿದಿತ್ತು! ಮದರಾಸಿನ ಕಡಲದಂಡೆಯಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. 1897ರಲ್ಲಿ ವಿವೇಕಾನಂದರು ತಂಗಿದ್ದರಿಂದ ಅದೀಗ ಅವರ ಹೆಸರನ್ನು ಹೊತ್ತಿದೆ. ಯಂತ್ರದಿಂದ ಮಂಜುಗಡ್ಡೆ ಮಾಡುವುದು ಇಲ್ಲಿಯೇ ಆರಂಭವಾದಾಗ ಆ ವ್ಯಾಪಾರ ಮುಳುಗಿತು.

ಯಂತ್ರದ ಕನಸು ಕಂಡವರಲ್ಲಿ ಒಬ್ಬನ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಫ್ಲಾರಿಡದ ಅಪಲಾಚಿಕೋಲ ಎಂಬ ಊರಿನ ವೈದ್ಯ ಜಾನ್ ಗೋರಿ, ಜ್ವರದಿಂದ ಬೇಯುತ್ತಿದ್ದ ರೋಗಿಗಳ ಕೋಣೆಯ ಮಾಡಿಗೆ ಮಂಜುಗಡ್ಡೆಯ ಪಾತ್ರೆ ತೂಗಿಸಿದ. ಆ ಮಂಜುಗಡ್ಡೆಗೆ ಉತ್ತರದ ಹಡಗನ್ನು ಕಾಯಬೇಕಾಗಿತ್ತು. ಅದನ್ನು ಇಲ್ಲಿಯೇ ಏಕೆ ಮಾಡಬಾರದೆಂದು ಗಾಳಿಯನ್ನು ಒತ್ತಿ ಹಿಗ್ಗಿಸುವ ಯಂತ್ರವೊಂದನ್ನು ರೂಪಿಸಿ, 1851ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಣ ಹೂಡುವವರು ಸಿಗಲಿಲ್ಲ. 1855ರಲ್ಲಿ ಸೋತು ಬಡವನಾಗಿ ತೀರಿಕೊಂಡ. ರೋಗಿಗೆ ತಂಪು ಬೇಕೆಂದು ಹೊರಟವನು ಸೋತ. ಅರ್ಧ ಶತಮಾನದ ಮೇಲೆ ಕಾಗದಕ್ಕೆ ತಂಪು ಬೇಕೆಂದು ಹೊರಟವನು ಗೆದ್ದ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ತಾಳೆಯಾಗುತ್ತಿರಲಿಲ್ಲ. ಅದನ್ನು ಸರಿಪಡಿಸಲು 25 ವರ್ಷದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ 1902ರ ಜುಲೈನಲ್ಲಿ ನಕ್ಷೆ ಸಿದ್ಧಪಡಿಸಿದ. ಇಂದಿನ ಹವಾನಿಯಂತ್ರಣದ ಆರಂಭವನ್ನು ಅಲ್ಲಿಂದ ಎಣಿಸುವುದು ವಾಡಿಕೆ.

ಅದಕ್ಕೆ ಕೆಲವೇ ದಿನ ಮೊದಲು, ಅದೇ 1902ರ ಜೂನ್ ಕೊನೆಗೆ, ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲಪಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಒಂದು ಕಡೆ ತಂಪಿನ ಯಂತ್ರ, ಇನ್ನೊಂದು ಕಡೆ ಅದನ್ನು ನಡೆಸಬಲ್ಲ ಶಕ್ತಿ. ವಿದ್ಯುತ್ ಪಂಖ ಬಂದ ಕಡೆ ವರಾಂಡದ ಮನುಷ್ಯ ಎದ್ದು ಹೋದ. ತಂಪಿಗೆ ಇನ್ನು ಯಾರ ಬೆವರೂ ಬೇಡವೆಂದು ಲೋಕ ನಂಬಿತು.

ಈ ನಂಬಿಕೆ ಎಷ್ಟು ನಿಜ? ಏ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಸಾಗಿಸುತ್ತದೆ, ಅಷ್ಟೇ. ಒಳಗಿನ ಕೊಳವೆಗಳಲ್ಲಿ ದ್ರವವೊಂದು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಆ ಆವಿಯನ್ನು ಒತ್ತಿ ಮತ್ತೆ ದ್ರವವಾಗಿಸಿದಾಗ ಹೀರಿದ ಶಾಖವನ್ನೆಲ್ಲ ಕಕ್ಕುತ್ತದೆ. ಜೊತೆಗೆ ಯಂತ್ರ ಬಳಸಿದ ವಿದ್ಯುತ್ತಿನ ಶಾಖವೂ ಸೇರಿ, ಒಳಗೆ ಕಳೆದದ್ದಕ್ಕಿಂತ ಹೆಚ್ಚು ಕಾವು ಬೀದಿಯ ಪಾಲಾಗುತ್ತದೆ. ಆ ದ್ರವದ ಕಥೆಯೂ ಹಾಗೆಯೇ. ಮೊದಮೊದಲು ಬಳಸುತ್ತಿದ್ದ ಅಮೋನಿಯದಂಥವು ಸೋರಿದರೆ ವಿಷ. ಅದಕ್ಕೆ ಪರಿಹಾರವೆಂದು ಬಂದ ಫ್ರೆಯಾನಿನಂಥ ಅನಿಲಗಳು ಮನೆಯವರಿಗೆ ನಿರಪಾಯ, ಆದರೆ ಆಕಾಶದ ಓಜೋನ್ ಪದರವನ್ನು ತಿನ್ನಬಲ್ಲವೆಂದು 1974ರಲ್ಲಿ ಮೊಲಿನ ಮತ್ತು ರೋಲಂಡ್ ತೋರಿಸಿದರು. ಅವನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಬದಲಿಗೆ ಬಂದವು ಭೂಮಿಯ ಕಾವನ್ನು ಏರಿಸುತ್ತವೆಂದು 2016ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದ. ಪ್ರತಿ ಬಾರಿಯೂ ನಮ್ಮ ಸೆಕೆಯನ್ನು ಸ್ವಲ್ಪ ದೂರಕ್ಕೆ ತಳ್ಳಿದ್ದೇವೆ; ಪ್ರತಿ ಬಾರಿಯೂ ಅಲ್ಲಿ ಯಾರೋ ಇದ್ದರು.

ಮರುದಿನ ಬೆಳಗ್ಗೆ ಮಿಸ್ತ್ರಿ ಬಂದ. ಗ್ಯಾಸು ಮುಗಿದಿರಬೇಕೆಂದು ನಾನು ನನ್ನ ಪಾಂಡಿತ್ಯ ತೋರಿಸಿದೆ. ಅವನು ನಕ್ಕ. ಗ್ಯಾಸು ಎಣ್ಣೆಯಂತೆ ಉರಿದು ಮುಗಿಯುವುದಲ್ಲ. ಸೋರದಿದ್ದರೆ ಎಷ್ಟು ವರ್ಷವಾದರೂ ಅಷ್ಟೇ ಇರುತ್ತದಂತೆ. ಮುಂದಿನ ಮುಚ್ಚಳ ತೆಗೆದು ಜಾಲರಿಯನ್ನು ತೋರಿಸಿದ: ಕಂಬಳಿಯಷ್ಟು ಧೂಳು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇದನ್ನು ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬೇಕು. ನೀರು ಹೊರಹೋಗುವ ಕೊಳವೆ ಕಟ್ಟಿಕೊಳ್ಳದಂತೆ ನೋಡಬೇಕು. 18ಕ್ಕೆ ಇಟ್ಟು ಯಂತ್ರವನ್ನು ದಣಿಸುವ ಬದಲು 24ರಿಂದ 26ರೊಳಗೆ ಇಟ್ಟು ಪಂಖ ಹಾಕಿಕೊಂಡರೆ ಸಾಕು ಎಂದ. (2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಹೊಸ ಏ.ಸಿ.ಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂಬ ನಿಯಮವಿದೆ.) ಆಮೇಲೆ, “ಹೊರಗಿನ ಪೆಟ್ಟಿಗಿ ಎಲ್ಲದರಿ?” ಎಂದು ಕೇಳಿದ.

ಅದು ಮನೆಯ ಪಕ್ಕದ ಓಣಿಯಲ್ಲಿ, ಆಳೆತ್ತರದಲ್ಲಿತ್ತು. ಎದುರಿಗೆ ನಾಲ್ಕು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಪೆಟ್ಟಿಗೆ ಉಗುಳಿದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಪೆಟ್ಟಿಗೆಯೊಳಕ್ಕೇ ಬರುತ್ತಿತ್ತು. ತಾನು ಕಕ್ಕಿದ್ದನ್ನೇ ತಾನು ನುಂಗುತ್ತ ಯಂತ್ರ ಏದುತ್ತಿತ್ತು. ಅದಕ್ಕೂ ಗೋಡೆಗೂ ನಡುವೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಇಸ್ತ್ರಿಯ ಮೇಜು. ಆ ಮೇಜಿನ ಹಿಂದೆ ಕೆಂಡದ ಪೆಟ್ಟಿಗೆ ಹಿಡಿದು ನಿಂತಿದ್ದವನು, ನಮ್ಮ ಓಣಿಯವರಿಗೆಲ್ಲ ಬಟ್ಟೆ ಇಸ್ತ್ರಿ ಮಾಡಿಕೊಡುವ ಮುದುಕ. ನನ್ನ ಅಂಗಿಗಳನ್ನು ಅವನ ಕೈಯಿಂದ ಎಷ್ಟು ಸಲ ತೆಗೆದುಕೊಂಡಿದ್ದೆನೋ. ನಾನು ಬರುತ್ತಿದ್ದುದು ಬೆಳಗಿನ ತಂಪು ಹೊತ್ತಿನಲ್ಲಿ. ಮಧ್ಯಾಹ್ನ ಅಲ್ಲಿ ಹೇಗಿರುತ್ತದೆಂದು ನೋಡಿರಲಿಲ್ಲ. ಮಿಸ್ತ್ರಿ ಯಂತ್ರ ಹಾಕಿದೊಡನೆ ಒಲೆಯ ಬಾಯಿಯಂಥ ಗಾಳಿ ಅವನ ಹೆಗಲ ಮೇಲೆ ಬಿತ್ತು. ಅವನು ಅಭ್ಯಾಸವಾದವನಂತೆ ಅರ್ಧ ಹೆಜ್ಜೆ ಸರಿದು ನಿಂತ.

“ಎರಡು ಬ್ಯಾಸಗಿ ಹಿಂಗೇ ನಿಂತೀಯಲ್ಲ, ಒಂದು ಮಾತು ಹೇಳಬಾರದಿತ್ತೇನು ಕಾಕಾ?” ಎಂದೆ.

“ಏನ್ ಹೇಳೂದ್ರಿ ಸರ? ಒಳಗ ಅವ್ವಾರಿಗಿ ಆರಾಮ ಇಲ್ಲಂತ ಕೇಳಿದ್ದೆ” ಎಂದು ಅವನು ಅಂಗಿಯ ತೋಳು ಮಡಿಸುತ್ತಲೇ ಹೇಳಿದ.

ನನಗೆ ಮಾತು ಹೊರಡಲಿಲ್ಲ. ಪಂಖ ಎಳೆಯುವವನು ಎದ್ದು ಹೋದನೆಂದು ನಾನು ರಾತ್ರಿಯಷ್ಟೇ ನೆನೆದಿದ್ದೆ. ಅವನು ಎದ್ದು ಹೋಗಿರಲಿಲ್ಲ. ನನ್ನ ಗೋಡೆಯ ಆಚೆಯೇ ನಿಂತಿದ್ದ.

ಪೆಟ್ಟಿಗೆಯನ್ನು ಅಂದೇ ಮಾಳಿಗೆಯ ಮೇಲಕ್ಕೆ ಏರಿಸಿದೆವು. ಕೊಳವೆ ಉದ್ದವಾಯಿತು, ಖರ್ಚೂ ಆಯಿತು. ಅದರ ಮೇಲೆ ಬಿಸಿಲು ಬೀಳದಂತೆ, ಗಾಳಿಗೆ ಅಡ್ಡವಾಗದಂತೆ, ಎತ್ತರದಲ್ಲೊಂದು ನೆರಳು ಕಟ್ಟಿಸಿದೆ. ಸಂಜೆಯ ಹೊತ್ತಿಗೆ ಅವ್ವನ ಕೋಣೆ 26 ಡಿಗ್ರಿಗೆ ಇಳಿದು, ಅವಳು ಒಳ್ಳೆಯ ನಿದ್ದೆ ಮಾಡಿದಳು. ಈಗ ಕಾವು ಆಕಾಶಕ್ಕೆ ಹೋಗುತ್ತಿದೆ. ಅಲ್ಲಿಯೂ ಅದು ಯಾರ ಪಾಲಿಗೂ ಇಲ್ಲವೆಂದು ನಾನು ಹೇಳಲಾರೆ. ಲೆಕ್ಕ ಚುಕ್ತಾ ಆಯಿತೆಂದೂ ನಂಬಲಾರೆ. ವೃದ್ಧರಿಗೆ, ರೋಗಿಗಳಿಗೆ ಈ ಯಂತ್ರ ಇಂದು ಭೋಗವಲ್ಲ, ಔಷಧ. ಅದನ್ನು ಬಿಡೆನ್ನುವ ಧೈರ್ಯ ನನಗಿಲ್ಲ. ಔಷಧವನ್ನು ಅಳತೆಯಿಂದ ಕೊಡಬೇಕೆಂಬುದನ್ನಂತೂ ಕಲಿತಿದ್ದೇನೆ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಜಾಲರಿಯನ್ನು ನಾನೇ ತೊಳೆಯುತ್ತೇನೆ. ಒಣಗುವ ತನಕ ಯಂತ್ರ ನಿಂತಿರುತ್ತದೆ. ಆಗ ಅವ್ವನ ಬಳಿ ಕುಳಿತು ಬೀಸಣಿಗೆ ಬೀಸುತ್ತೇನೆ. ಕೈ ಎಷ್ಟು ಬೇಗ ಸೋಲುತ್ತದೆಂಬುದು ಮರೆಯದಿರಲಿ ಎಂದು.