ಹತ್ತು ವರ್ಷ ಇಲ್ಲೇ ಇದ್ರಾ? ಡಾಕ್ಟರ್ ಸೀಟಿನ ಹಳೇ ಪ್ರಶ್ನೆ

ನೀಟ್ ಬರೆದವರ ಮನೆ ನೋಡಿದ್ದೀರಲ್ವಾ? ವ್ಯಾಸಂಗ ಪ್ರಮಾಣಪತ್ರ ಹಿಡ್ಕೊಂಡು ಹಳೇ ಶಾಲೆಗೆಲ್ಲ ಓಡಾಟ. ರಾಜ್ಯದ ಕೋಟಾ ಬೇಕಂದ್ರೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಈ ಜಗಳ ಎಷ್ಟು ಹಳೇದು ಗೊತ್ತಾ?

ಮೊದಲು ಇಂದೋರ್‌ಗೆ ಹೋಗೋಣ. ಅಲ್ಲಿನ ವೈದ್ಯಕೀಯ ಕಾಲೇಜು ಮಧ್ಯಭಾರತ ರಾಜ್ಯದ ಹೊರಗಿನವರಿಂದ ಮಾತ್ರ ಕ್ಯಾಪಿಟೇಶನ್ ಶುಲ್ಕ ಕೇಳ್ತಿತ್ತು. ದೆಹಲಿಯ ವಿದ್ಯಾರ್ಥಿಯೊಬ್ಬ ಸುಪ್ರೀಂ ಕೋರ್ಟ್‌ಗೆ ಹೋದ. 1955ರಲ್ಲಿ ಸೋತ. ಸಂವಿಧಾನ ತಡೆಯೋದು ಹುಟ್ಟಿದ ಜಾಗದ ತಾರತಮ್ಯವನ್ನ, ವಾಸದ ನಿಯಮ ಬೇರೆ ಅಂತು ಕೋರ್ಟ್.

ಆಮೇಲೆ ನಮ್ಮ ಸರದಿ. ಆಗಿನ ಮೈಸೂರು ರಾಜ್ಯದಲ್ಲಿ ಎಂಬಿಬಿಎಸ್‌ಗೆ ಹತ್ತು ವರ್ಷದ ವಾಸ ಕಡ್ಡಾಯ. ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದಳು. 1971ರಲ್ಲಿ ಕೋರ್ಟ್ ನಿಯಮವನ್ನೇ ಎತ್ತಿಹಿಡಿಯಿತು. ಕಾರಣ? ಇಲ್ಲಿದ್ದವರು ಇಲ್ಲೇ ನೆಲೆಸಿ ಇಲ್ಲಿನ ಜನಕ್ಕೆ ಚಿಕಿತ್ಸೆ ಕೊಡೋ ಸಾಧ್ಯತೆ ಹೆಚ್ಚು.

ನಾನು ಬಿಕಾಂ. ನನಗಿದು ಹೋದ ವರ್ಷದ ಬ್ಯಾಲೆನ್ಸ್ ಶೀಟ್ ನೋಡಿ ಮುಂದಿನ ಲಾಭ ಊಹಿಸಿದ ಹಾಗೆ ಕಾಣುತ್ತೆ. ಆದ್ರೆ ಊಹೆಯ ಹಿಂದಿನ ಆತಂಕ ಸುಳ್ಳಲ್ಲ. ರಾಜ್ಯ ತನ್ನ ದುಡ್ಡಲ್ಲಿ ಕಾಲೇಜು ನಡೆಸುತ್ತೆ, ಹಳ್ಳಿಗೆ ಡಾಕ್ಟರ್ ಬೇಕು.

1984ರಲ್ಲಿ ಕೋರ್ಟ್ ಇದಕ್ಕೆ ಮಿತಿ ಹಾಕಿತು: ಎಲ್ಲ ಸೀಟನ್ನೂ ಸ್ಥಳೀಯರಿಗೇ ಇಡೋ ಹಾಗಿಲ್ಲ. ಇವತ್ತು ಸರ್ಕಾರಿ ಕಾಲೇಜುಗಳ ಎಂಬಿಬಿಎಸ್‌ನಲ್ಲಿ ಶೇ. 15 ಸೀಟು ಇಡೀ ದೇಶಕ್ಕೆ ಮುಕ್ತ. 2025ರ ಜನವರಿಯಲ್ಲಿ ಸ್ನಾತಕೋತ್ತರ ಸೀಟುಗಳಿಗೆ ವಾಸದ ಮೀಸಲಾತಿಯೇ ಸಂವಿಧಾನಬಾಹಿರ ಅಂತ ತೀರ್ಪು ಬಂತು. ಎಂಬಿಬಿಎಸ್‌ನಲ್ಲಿ ಅದು ಉಳಿದಿದೆ.

ಆ ಪ್ರಮಾಣಪತ್ರ ನೀವು ಎಲ್ಲಿ ಓದಿದ್ರಿ ಅಂತ ಹೇಳುತ್ತೆ. ಮುಂದೆ ಎಲ್ಲಿ ಸ್ಟೆತಾಸ್ಕೋಪ್ ಹಾಕ್ತೀರಿ ಅನ್ನೋದನ್ನ ನೀವೇ ಹೇಳಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.