ಸ್ಪಿತಿ: ಗೊಂಪಾಗಳು, ಊರುಗಳು, ಬೆಟ್ಟಗಳು

ಸ್ಪಿತಿ: ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಎತ್ತರದ ಕಣಿವೆ ಪ್ರದೇಶ. ಪೂರ್ವಕ್ಕೆ ಟಿಬೆಟ್, ಉತ್ತರಕ್ಕೆ ಲಡಾಖ್, ಪಶ್ಚಿಮಕ್ಕೆ ಲಾಹೌಲ್, ಆಗ್ನೇಯಕ್ಕೆ ಕಿನ್ನೌರ್ ಇದರ ಎಲ್ಲೆಗಳು. ಕುಂಜುಮ್ ಬೆಟ್ಟಸಾಲಿನಲ್ಲಿ ಹುಟ್ಟುವ ಸ್ಪಿತಿ ನದಿ ಕಣಿವೆಯ ಉದ್ದಕ್ಕೂ ಹರಿದು ಕಿನ್ನೌರಿನ ಖಾಬ್ ಬಳಿ ಸಟ್ಲೆಜನ್ನು ಸೇರುತ್ತದೆ. ಉಪವಿಭಾಗದ ಕೇಂದ್ರವಾದ ಕಾಜಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. 2011ರ ಜನಗಣತಿಯಂತೆ ಇಡೀ ಸ್ಪಿತಿಯ ಜನಸಂಖ್ಯೆ ಹನ್ನೆರಡು ಸಾವಿರದಷ್ಟು. ಜನರು ಬಹುಪಾಲು ಬೌದ್ಧರು; ಆಡುವ ಮಾತು ಟಿಬೆಟನ್ ಬಳಗದ್ದು.

ಮುಂಗಾರಿನ ಮೋಡಗಳನ್ನು ದಕ್ಷಿಣದ ಪರ್ವತಸಾಲುಗಳು ತಡೆಯುವುದರಿಂದ ಇಲ್ಲಿ ಮಳೆ ತೀರ ಕಡಿಮೆ. ಇದು ಶೀತಮರುಭೂಮಿ. ಗಿಡಮರವಿಲ್ಲದ ಇಳಿಜಾರುಗಳು ಕಂದು, ನೇರಳೆ, ಬೂದಿ ಬಣ್ಣಗಳಲ್ಲಿ ಬರಿಮೈಯಾಗಿ ನಿಂತಿವೆ. ಅವುಗಳ ನಡುವೆ ಅಲ್ಲಲ್ಲಿ ಒಂದು ಹಸಿರು ತುಂಡು ಕಂಡರೆ ಅಲ್ಲೊಂದು ಊರಿದೆ ಎಂದು ತಿಳಿಯಬೇಕು. ಊರಿದ್ದಲ್ಲಿ ಮೇಲಿನ ಹಿಮದಿಂದ ಇಳಿಯುವ ಕಾಲುವೆಯಿರುತ್ತದೆ, ಸುಣ್ಣ ಬಳಿದ ಸ್ತೂಪವಿರುತ್ತದೆ. ಗೊಂಪಾವನ್ನು, ಎಂದರೆ ಬೌದ್ಧ ಮಠವನ್ನು, ಒಂದು ನೋಟವೆಂದೂ ಹೊಲವನ್ನು ಇನ್ನೊಂದು ನೋಟವೆಂದೂ ಬೇರೆ ಬೇರೆಯಾಗಿ ನೋಡಿ ಬಂದವರಿಗೆ ಸ್ಪಿತಿ ಅರ್ಧ ಮಾತ್ರ ಸಿಗುತ್ತದೆ. ಇಲ್ಲಿ ನೀರು, ಹೊಲ, ಮನೆತನ, ಮಠ ನಾಲ್ಕೂ ಒಂದೇ ಏರ್ಪಾಡಿನ ಅಂಗಗಳು.

ಮನೆತನ ಮತ್ತು ಮಠ

ಉಳಬಲ್ಲ ನೆಲ ಅಷ್ಟಕ್ಕಷ್ಟೆ. ಅದನ್ನು ಪ್ರತಿ ತಲೆಮಾರಿನಲ್ಲೂ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಹೊಲಮನೆ ಹಿರಿಯ ಮಗನೊಬ್ಬನಿಗೇ ಸೇರುವ ಪದ್ಧತಿ ಬೆಳೆದು ಬಂತು. ಅವನು ಸಂಸಾರಸ್ಥನಾಗಿ ಜವಾಬ್ದಾರಿ ಹೊತ್ತ ಮೇಲೆ ತಂದೆತಾಯಿ ದೊಡ್ಡಮನೆಯನ್ನು, ಎಂದರೆ ಖಾಂಗ್‌ಚೆನ್ ಅನ್ನು, ಅವನಿಗೆ ಬಿಟ್ಟುಕೊಟ್ಟು ಖಾಂಗ್‌ಚುಂಗ್ ಎಂಬ ಚಿಕ್ಕಮನೆಗೆ ಹೋಗುತ್ತಾರೆ. ಕಿರಿಯ ಗಂಡುಮಕ್ಕಳು ಚಿಕ್ಕಂದಿನಲ್ಲೇ ಗೊಂಪಾ ಸೇರುತ್ತಿದ್ದರು. ಕಾಲುವೆ ನೀರಿನ ಸರದಿಯಲ್ಲಿಯೂ ಹಳೆಯ ದೊಡ್ಡಮನೆಗಳದೇ ಮೊದಲ ಹಕ್ಕು. ಮಠದಲ್ಲಿದ್ದ ಮಗನಿಗೆ ಮನೆಯಿಂದ ಧಾನ್ಯ ಹೋಗುತ್ತಿತ್ತು. ಮನೆಯಲ್ಲಿ ಹುಟ್ಟುಸಾವುಗಳಾದಾಗ, ಬಿತ್ತನೆ ಕೊಯ್ಲುಗಳಲ್ಲಿ, ಪೂಜೆಗೆ ಅವನೇ ಬರುತ್ತಿದ್ದ. ಶಾಲೆ, ಸರ್ಕಾರಿ ನೌಕರಿ, ಪ್ರವಾಸೋದ್ಯಮಗಳು ಬಂದ ಮೇಲೆ ಈ ಕಟ್ಟು ಸಡಿಲವಾಗಿದೆ. ಆದರೂ ಕಾಜಾ ಬಳಿಯ ಕೀ ಗೊಂಪಾದ ಅಂಗಳದಲ್ಲಿ ಕಾಣುವ ಎಳೆಯ ಭಿಕ್ಷುಗಳನ್ನು ಅನಾಥರೆಂದೋ ಮನೆ ತೊರೆದವರೆಂದೋ ಭಾವಿಸುವುದು ತಪ್ಪು. ಅವರಲ್ಲಿ ಹಲವರ ಮನೆ ಆ ಅಂಗಳದಿಂದಲೇ ಕಾಣುವಷ್ಟು ಹತ್ತಿರದ ಊರಿನಲ್ಲಿರುತ್ತದೆ.

ಹೊಲಗಳಲ್ಲಿ ವರ್ಷಕ್ಕೆ ಒಂದೇ ಬೆಳೆ. ಬಾರ್ಲಿ ಮತ್ತು ಒಂದು ಬಗೆಯ ಕಪ್ಪು ಬಟಾಣಿ ಹಿಂದಿನಿಂದ ಬಂದ ಬೆಳೆಗಳು. ಹುರಿದ ಬಾರ್ಲಿಯ ಹಿಟ್ಟಾದ ತ್ಸಂಪಾ ನಿತ್ಯದ ಆಹಾರವಾಗಿತ್ತು. ಈಗ ಮಾರಾಟಕ್ಕೆ ಬೆಳೆಯುವ ಹಸಿ ಬಟಾಣಿಯೇ ದುಡ್ಡಿನ ಬೆಳೆ. ತಗ್ಗಿನಲ್ಲಿರುವ ತಾಬೊ ಸುತ್ತಮುತ್ತ ಸೇಬಿನ ತೋಟಗಳಿವೆ.

ಇತಿಹಾಸ

10ನೆಯ ಶತಮಾನದ ಕೊನೆಗೆ ಸ್ಪಿತಿ ಪಶ್ಚಿಮ ಟಿಬೆಟಿನ ಗುಗೆ ರಾಜರ ಅಧೀನದಲ್ಲಿತ್ತು. ಕ್ಷೀಣಿಸಿದ್ದ ಬೌದ್ಧಧರ್ಮವನ್ನು ಮತ್ತೆ ನೆಲೆಗೊಳಿಸಲು ಆ ಮನೆತನದ ಯೇಶೆ ಓ ಮುಂದಾದನು. ಕಾಶ್ಮೀರಕ್ಕೆ ಹೋಗಿ ಸಂಸ್ಕೃತ ಕಲಿತು ಬಂದ ಅನುವಾದಕ ರಿಂಚೆನ್ ಜಂಗ್ಪೊ (958-1055) ಅವನಿಗೆ ನೆರವಾದನು. ಅನಂತರ ಸ್ಪಿತಿ ಬಹುಕಾಲ ಲಡಾಖಿನ ಅಧೀನಕ್ಕೆ ಬಂತು. 1846ರಲ್ಲಿ ಬ್ರಿಟಿಷರು ಅದನ್ನು ಲಡಾಖಿನಿಂದ ಬೇರ್ಪಡಿಸಿ ತಮ್ಮ ಆಡಳಿತಕ್ಕೆ ಸೇರಿಸಿಕೊಂಡರೂ ದಿನನಿತ್ಯದ ಅಧಿಕಾರವನ್ನು ನೊನೊ ಎಂಬ ವಂಶಪಾರಂಪರ್ಯ ಮುಖ್ಯಸ್ಥನ ಕೈಯಲ್ಲೇ ಬಿಟ್ಟಿದ್ದರು. 1960ರಲ್ಲಿ ಪಂಜಾಬಿನ ಭಾಗವಾಗಿ ಲಾಹೌಲ್-ಸ್ಪಿತಿ ಜಿಲ್ಲೆ ರೂಪುಗೊಂಡು 1966ರಲ್ಲಿ ಹಿಮಾಚಲಕ್ಕೆ ಸೇರಿತು. 1962ರ ಯುದ್ಧದೊಂದಿಗೆ ಟಿಬೆಟಿನ ವ್ಯಾಪಾರ ನಿಂತಿತು. ಲಡಾಖ್, ಟಿಬೆಟ್, ರಾಮ್‌ಪುರಗಳ ವರ್ತಕರು ಉಣ್ಣೆ, ಉಪ್ಪು, ಧಾನ್ಯ ಹಿಡಿದು ಸೇರುತ್ತಿದ್ದ ಲಾದರ್ಚಾ ಸಂತೆ ಈಗ ಆಗಸ್ಟ್ ತಿಂಗಳಲ್ಲಿ ಕಾಜಾದಲ್ಲಿ ನಡೆಯುವ ಜಾತ್ರೆಯಾಗಿ ಉಳಿದಿದೆ.

ತಾಬೊ

ಸ್ಪಿತಿಯಲ್ಲಿ ಒಂದೇ ಗೊಂಪಾ ನೋಡಲು ಸಮಯವಿದ್ದರೆ ಅದು ತಾಬೊ ಆಗಿರಬೇಕು. ಸ್ಥಾಪನೆಯಾದದ್ದು 996ರಲ್ಲಿ. 46 ವರ್ಷಗಳ ಬಳಿಕ ಯೇಶೆ ಓನ ವಂಶದ ಜಂಗ್‌ಚುಬ್ ಓ ಇದನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಗೋಡೆಯ ಮೇಲಿನ ಶಾಸನವೇ ಹೇಳುತ್ತದೆ. ಇತರ ಗೊಂಪಾಗಳಂತೆ ಇದು ಬೆಟ್ಟದ ನೆತ್ತಿಯಲ್ಲಿಲ್ಲ. ನದಿಯ ದಂಡೆಯ ಸಮತಟ್ಟಿನಲ್ಲಿ, ಮಣ್ಣಿನ ಪ್ರಾಕಾರದೊಳಗೆ, ಒಂಬತ್ತು ಗುಡಿಗಳು ಮತ್ತು ಹಲವು ಸ್ತೂಪಗಳ ಗುಂಪಾಗಿ ಕುಳಿತಿದೆ. ಹೊರಗಿನಿಂದ ಇವು ಹಳ್ಳಿಯ ಕಣಜಗಳಂತೆ ಕಾಣುತ್ತವೆ.

ಮುಖ್ಯ ಗುಡಿಯಾದ ತ್ಸುಗ್‌ಲಖಾಂಗ್‌ಗೆ ಕಿಟಕಿಗಳಿಲ್ಲ. ಚಾವಣಿಯ ಕಿಂಡಿಯಿಂದ ಬೀಳುವ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಆಮೇಲೆ ಗೋಡೆಯ ನಡುಮಟ್ಟದಲ್ಲಿ ಸುತ್ತಲೂ ಕುಳಿತ ದೇವತೆಗಳು ಒಂದೊಂದಾಗಿ ಕಾಣತೊಡಗುತ್ತಾರೆ. ಇವು ಆಳೆತ್ತರಕ್ಕೆ ಹತ್ತಿರದ ಮಣ್ಣಿನ ಮೂರ್ತಿಗಳು. ಗೋಡೆಗೇ ಅಂಟಿಕೊಂಡಿದ್ದರೂ ಗೋಡೆಯಿಂದ ಹೊರಗೆ ತೇಲುತ್ತಿರುವಂತಿವೆ. ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ವೈರೋಚನ ಬುದ್ಧ. ಒಟ್ಟಿನಲ್ಲಿ ಇದು ವಜ್ರಧಾತು ಮಂಡಲ. ಸಾಮಾನ್ಯವಾಗಿ ಬಟ್ಟೆಯ ಮೇಲೋ ಬಣ್ಣದ ಮರಳಿನಲ್ಲೋ ಬರೆಯುವ ಮಂಡಲವನ್ನು ಇಲ್ಲಿ ಕೋಣೆಯಾಗಿ ಕಟ್ಟಿದ್ದಾರೆ, ಒಳಹೊಕ್ಕವನು ಮಂಡಲದ ಒಳಗೇ ನಿಂತಿರುತ್ತಾನೆ. ಮೂರ್ತಿಗಳ ಕೆಳಗಿನ ಪಟ್ಟಿಯಲ್ಲಿ ಎರಡು ಕಥೆಗಳು ಚಿತ್ರವಾಗಿವೆ: ಗಂಡವ್ಯೂಹ ಸೂತ್ರದಲ್ಲಿ ಬರುವ ಸುಧನನೆಂಬ ಯುವಕನು ಗುರುಗಳನ್ನು ಅರಸುತ್ತ ಊರೂರು ಅಲೆಯುವುದು ಒಂದು, ಬುದ್ಧನ ಚರಿತೆ ಇನ್ನೊಂದು. ಉಡುಗೆಯ ನೇಯ್ಗೆಯ ವಿನ್ಯಾಸ, ಮುಖಗಳ ಮೃದುತ್ವಗಳಲ್ಲಿ ಕಾಶ್ಮೀರದ ಕಲಾವಿದರ ಕೈ ಕಾಣುತ್ತದೆ. ಆ ಕಾಲದ ಕಾಶ್ಮೀರದಲ್ಲಿ ಇಂಥ ಭಿತ್ತಿಚಿತ್ರಗಳು ಉಳಿದಿಲ್ಲವಾದ್ದರಿಂದ ಅಲ್ಲಿಯ ಕಲೆಯನ್ನು ಅರಿಯಲು ಈ ಗೋಡೆಗಳೇ ಮುಖ್ಯ ಆಧಾರ. ತಾಬೊವನ್ನು ‘ಹಿಮಾಲಯದ ಅಜಂತಾ’ ಎನ್ನುವುದು ವಾಡಿಕೆ. ಅಜಂತಾ ಕಲ್ಲಿನಲ್ಲಿ ಕೊರೆದದ್ದು, ಇದು ಹಸಿ ಇಟ್ಟಿಗೆ ಮತ್ತು ಮಣ್ಣಿನದು. ಮಣ್ಣು ಸಾವಿರ ವರ್ಷ ಬಾಳಿದ್ದಕ್ಕೆ ಒಣಹವೆಯೇ ಕಾರಣ. ಮಳೆ ಹೆಚ್ಚಾದರೆ ಚಾವಣಿ ಸೋರಿ ಚಿತ್ರಗಳ ಮೇಲೆ ಕೆಸರಿನ ಗೆರೆಗಳು ಇಳಿಯುತ್ತವೆ. ಹವಾಮಾನ ಬದಲಾಗುತ್ತಿರುವಾಗ ತಾಬೊಗೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ವಿದ್ವಾಂಸ ಎ. ಎಚ್. ಫ್ರಾಂಕೆ 1909ರಲ್ಲಿಯೂ ಇಟಲಿಯ ಜುಸೆಪ್ಪೆ ತುಚ್ಚಿ 1933ರಲ್ಲಿಯೂ ಇಲ್ಲಿಗೆ ಬಂದಿದ್ದರು. 1975ರ ಜನವರಿ 19ರ ಕಿನ್ನೌರ್ ಭೂಕಂಪದಲ್ಲಿ ಕಟ್ಟಡಗಳಿಗೆ ಹಾನಿಯಾಯಿತು. ಅನಂತರ ಹೊಸ ಸಭಾಮಂದಿರವೊಂದನ್ನು ಕಟ್ಟಲಾಯಿತು. ದಲೈಲಾಮಾ 1983ರಲ್ಲಿ ಮತ್ತು ಸಹಸ್ರಮಾನೋತ್ಸವದ 1996ರಲ್ಲಿ ಇಲ್ಲಿ ಕಾಲಚಕ್ರ ದೀಕ್ಷೆ ನೀಡಿದರು. ಹಳೆಯ ಗುಡಿಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಒಳಗೆ ಛಾಯಾಚಿತ್ರಕ್ಕೆ ಅವಕಾಶವಿಲ್ಲ. ಸಣ್ಣದೊಂದು ಟಾರ್ಚ್ ಇದ್ದರೆ ಒಳ್ಳೆಯದು. ಊರಿನ ಮೇಲಿನ ಬೆಟ್ಟದಲ್ಲಿ ಭಿಕ್ಷುಗಳು ವಾಸಕ್ಕೂ ಧ್ಯಾನಕ್ಕೂ ಬಳಸುತ್ತಿದ್ದ ಗುಹೆಗಳಿವೆ.

ಇತರ ಗೊಂಪಾಗಳು

ಕೀ ಗೊಂಪಾ ಕಾಜಾದಿಂದ ಹನ್ನೆರಡು ಕಿ.ಮೀ.ಗೂ ತುಸು ದೂರ, 4,166 ಮೀಟರ್ ಎತ್ತರದ ಶಂಕುವಿನಾಕಾರದ ಗುಡ್ಡದ ಮೇಲಿದೆ. ಒಂದರ ಮೇಲೊಂದು ಏರಿದ ಬಿಳಿ ಕೋಣೆಗಳ ಈ ನೋಟವೇ ಸ್ಪಿತಿಯ ಗುರುತು. ಈ ಜೋಡಣೆಯ ಹಿಂದೆ ಒಂದು ಯೋಜನೆಯಿಲ್ಲ. ದಾಳಿ, ಬೆಂಕಿ, ಭೂಕಂಪಗಳಲ್ಲಿ ಕುಸಿದದ್ದನ್ನು ಆಯಾ ಕಾಲಕ್ಕೆ ಕಟ್ಟಿಕೊಳ್ಳುತ್ತ ಹೋದಂತೆ ಬೆಳೆದದ್ದು. ಸ್ಪಿತಿಯಲ್ಲಿ ಇದೇ ಅತಿ ದೊಡ್ಡ ಮಠ. ತಾಬೊ, ಧಂಕರ್‌ಗಳಂತೆ ಇದೂ ಟಿಬೆಟನ್ ಬೌದ್ಧಧರ್ಮದ ಗೆಲುಗ್ ಪಂಥದ್ದು. ರಿಂಚೆನ್ ಜಂಗ್ಪೊನ ಅವತಾರವೆಂದು ನಂಬುವ ಲೋಚೆನ್ ಟುಲ್ಕು ಇದರ ಮುಖ್ಯಸ್ಥರು. 2000ದಲ್ಲಿ ಇಲ್ಲಿಯೂ ಕಾಲಚಕ್ರ ನಡೆಯಿತು. ಬೇಸಿಗೆಯ ಉತ್ಸವದಲ್ಲಿ ಮುಖವಾಡ ತೊಟ್ಟ ಲಾಮಾಗಳ ಛಾಮ್ ನೃತ್ಯ ನೋಡಲು ಸುತ್ತಲ ಊರುಗಳ ಜನ ಸೇರುತ್ತಾರೆ.

ಧಂಕರ್ ಸ್ಪಿತಿಯ ಹಳೆಯ ರಾಜಧಾನಿ. ಪಿನ್ ಮತ್ತು ಸ್ಪಿತಿ ನದಿಗಳ ಸಂಗಮದ ಮೇಲೆ, ಮಳೆಗಾಳಿ ಕೊರೆದ ಮಣ್ಣಿನ ಕೋಡುಗಳ ನಡುವೆ ನೇತಾಡುವಂತೆ ಈ ಗೊಂಪಾ ನಿಂತಿದೆ. ಅಡಿಪಾಯವೇ ಸವೆಯುತ್ತಿರುವುದರಿಂದ 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಜಗತ್ತಿನ ಅಪಾಯದಲ್ಲಿರುವ 100 ತಾಣಗಳ ಪಟ್ಟಿಗೆ ಸೇರಿಸಿತು. ಹಳೆಯ ಕಟ್ಟಡದೊಳಗೆ ಒಮ್ಮೆಗೆ ಕೆಲವರಷ್ಟೇ ಹೋಗುವುದು ಒಳಿತು. ಮೇಲಿನ ಕೆರೆಗೆ ಒಂದು ಗಂಟೆಯಷ್ಟು ಏರುಹಾದಿ. ಸಮೀಪದ ಲಾಲುಂಗ್‌ನ ಸೆರ್‌ಖಾಂಗ್ ಗುಡಿಗೆ ಹೋಗುವವರು ಕಡಿಮೆ. ಅದರ ಪುಟ್ಟ ಕೋಣೆಯ ಗೋಡೆಗಳನ್ನು ತುಂಬಿರುವ ಮಣ್ಣಿನ ಮೂರ್ತಿಗಳು ತಾಬೊದವುಗಳ ಜೊತೆಗೆ ನೋಡತಕ್ಕವು.

ಪಿನ್ ಕಣಿವೆಯ ರೀತಿಯೇ ಬೇರೆ. ಇಲ್ಲಿಯ ಕುಂಗ್ರಿ ಗೊಂಪಾ ನ್ಯಿಂಗ್ಮಾ ಪಂಥದ್ದು, ಈ ಪಂಥದ ಲಾಮಾಗಳು ಸಂಸಾರಸ್ಥರಾಗಿರಬಹುದು. ಬುಚೆನ್ ಎಂಬ ಅಲೆಮಾರಿ ಕಲಾವಿದ-ಲಾಮಾಗಳು ಧರ್ಮಕಥೆಗಳನ್ನು ಆಡಿ ತೋರಿಸುತ್ತಿದ್ದರು. ಮಲಗಿದವನ ಹೊಟ್ಟೆಯ ಮೇಲೆ ಕಲ್ಲಿಟ್ಟು ಒಡೆಯುವ ಆಚರಣೆ ಅವರ ವಿಶೇಷ. ಚುಮುರ್ತಿ ಕುದುರೆಗಳಿಗೂ ಈ ಕಣಿವೆ ಹೆಸರಾಗಿದೆ. 4,500 ಮೀಟರಿಗೂ ಮೇಲಿರುವ ಕೊಮಿಕ್‌ನ ತಂಗ್ಯುದ್ ಗೊಂಪಾ ಸಾಕ್ಯ ಪಂಥದ್ದು. ಟಿಬೆಟ್ ಗಡಿಯ ಬಳಿಯ ಗ್ಯೂ ಎಂಬಲ್ಲಿ ಸುಮಾರು 500 ವರ್ಷ ಹಿಂದಿನ ಭಿಕ್ಷುವೊಬ್ಬರ ದೇಹ ಕುಳಿತ ಭಂಗಿಯಲ್ಲೇ ಒಣಗಿ ಉಳಿದಿದೆ. ಊರವರಿಗೆ ಅದು ಪೂಜನೀಯ. ನೋಡಹೋದವರೂ ಅದೇ ಗೌರವದಿಂದ ನಡೆದುಕೊಳ್ಳಬೇಕು.

ಬೆಟ್ಟ ಮತ್ತು ಕಾಡುಪ್ರಾಣಿ

ಕಾಜಾದ ಮೇಲಿನ ಲಾಂಗ್‌ಜಾ ಊರಿನಲ್ಲಿ ದೊಡ್ಡ ಬುದ್ಧಮೂರ್ತಿಯೊಂದು ಕಣಿವೆಯತ್ತ ನೋಡುತ್ತ ಕುಳಿತಿದೆ. ಹಿಂದೆ ಚೌಚೌ ಕಾಂಗ್ ನಿಲ್ಡಾ ಶಿಖರ (6,303 ಮೀ). ಅಲ್ಲಿಯ ಜೇಡಿಪದರಗಳಲ್ಲಿ ಸುರುಳಿಯಾಕಾರದ ಅಮೊನೈಟ್ ಪಳೆಯುಳಿಕೆಗಳಿವೆ. ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿ ಹಿಮಾಲಯ ಎದ್ದೇಳುವ ಮುನ್ನ ಇಲ್ಲಿ ಟೆಥಿಸ್ ಸಮುದ್ರವಿತ್ತು, ಇವು ಅದರ ಜೀವಿಗಳು. ಇವನ್ನು ಕೊಳ್ಳುವುದಾಗಲಿ ಎತ್ತಿ ತರುವುದಾಗಲಿ ಕೂಡದು. ಹತ್ತಿರದ ಹಿಕ್ಕಿಮ್‌ನಲ್ಲಿ 4,400 ಮೀಟರಿಗೂ ಮೇಲೆ 1983ರಿಂದ ಅಂಚೆ ಕಚೇರಿಯಿದೆ. ಕಿಬ್ಬರ್ ಮತ್ತು ಚಿಚಂ ಊರುಗಳ ನಡುವಿನ ಆಳ ಕಮರಿಯನ್ನು ಜನ ಹಗ್ಗದ ತೊಟ್ಟಿಲಲ್ಲಿ ದಾಟುತ್ತಿದ್ದರು, 2017ರಲ್ಲಿ ಸೇತುವೆಯಾಯಿತು.

1987ರಲ್ಲಿ ಘೋಷಿತವಾದ ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನದಲ್ಲಿಯೂ ಕಿಬ್ಬರ್ ಅಭಯಾರಣ್ಯದಲ್ಲಿಯೂ ಹಿಮ ಚಿರತೆ, ಐಬೆಕ್ಸ್ ಎಂಬ ಕಾಡುಮೇಕೆ, ಭರಲ್ ಎಂಬ ನೀಲಿ ಕುರಿ, ಕೆಂಪು ನರಿ, ತೋಳಗಳಿವೆ. ಮೈಸೂರಿನಲ್ಲಿ ನೆಲೆಗೊಂಡ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಇಲ್ಲಿ ಬಹುಕಾಲದಿಂದ ಹಿಮ ಚಿರತೆಯ ಅಧ್ಯಯನ ನಡೆಸುತ್ತಿದೆ. ಚಿರತೆ ಸಾಕುಪ್ರಾಣಿಯನ್ನು ಕೊಂದಾಗ ಪರಿಹಾರ ಸಿಗುವಂತೆ ಊರವರೇ ನಡೆಸುವ ವಿಮೆ, ಭರಲ್‌ಗಳಿಗಾಗಿ ಗೋಮಾಳದ ಒಂದು ಭಾಗವನ್ನು ಮೇಯಿಸದೆ ಬಿಡುವ ಒಪ್ಪಂದ ಈ ಕೆಲಸದ ಫಲ. ಕರ್ನಾಟಕದೊಂದಿಗೆ ಇನ್ನೊಂದು ನಂಟೂ ಇದೆ: ಬೈಲುಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಿಗೆ ಹಿಮಾಲಯದ ಗೆಲುಗ್ ಗೊಂಪಾಗಳ ಭಿಕ್ಷುಗಳು ಉನ್ನತ ವ್ಯಾಸಂಗಕ್ಕೆ ಬರುತ್ತಾರೆ.

ಹೋಗುವ ದಾರಿ

ದಾರಿಗಳು ಎರಡು. ಶಿಮ್ಲಾದಿಂದ ಕಿನ್ನೌರಿನ ಮೂಲಕ ಕಾಜಾಕ್ಕೆ 400 ಕಿ.ಮೀ.ಗೂ ಹೆಚ್ಚು, ಭೂಕುಸಿತದ ದಿನಗಳನ್ನು ಬಿಟ್ಟರೆ ಬಹುಪಾಲು ವರ್ಷವಿಡೀ ತೆರೆದಿರುತ್ತದೆ. ಮನಾಲಿಯಿಂದ ಸುಮಾರು 200 ಕಿ.ಮೀ. ಆದರೆ 4,500 ಮೀಟರಿಗೂ ಎತ್ತರದ ಕುಂಜುಮ್ ಕಣಿವೆದಾರಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. 2020ರಲ್ಲಿ ಉದ್ಘಾಟನೆಯಾದ ಅಟಲ್ ಸುರಂಗ ರೋಹ್ತಾಂಗ್ ಕಣಿವೆದಾರಿ ಏರುವ ಕಷ್ಟವನ್ನು ತಪ್ಪಿಸಿದೆ, ಕುಂಜುಮ್‌ನದನ್ನಲ್ಲ. ದೂರ ಕಡಿಮೆಯೆಂದು ಮನಾಲಿಯ ದಾರಿ ಹಿಡಿಯುವವರೇ ಹೆಚ್ಚು. ಮೊದಲ ಸಲ ಹೋಗುವವರು ಶಿಮ್ಲಾ ಕಡೆಯಿಂದ ಹೋಗುವುದೇ ಸರಿ. ಆ ದಾರಿ ನಿಧಾನವಾಗಿ ಏರುವುದರಿಂದ ತೆಳುಗಾಳಿಗೆ ದೇಹ ಹೊಂದಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ನಿದ್ದೆಗೇಡು ಕಂಡರೆ ಮುಂದೆ ಏರಬಾರದು. ಕಡಿಮೆಯಾಗದಿದ್ದರೆ ಕೆಳಗಿಳಿಯುವುದೇ ಮದ್ದು. ಭಾರತೀಯರಿಗೆ ಪರವಾನಗಿ ಬೇಕಿಲ್ಲ. ವಿದೇಶಿಯರು ಕಿನ್ನೌರಿನ ಗಡಿಭಾಗ ದಾಟಲು ಪಡೆಯಬೇಕು.

ಕಾಜಾದಲ್ಲಿ ಪೆಟ್ರೋಲ್ ಬಂಕ್, ಆಸ್ಪತ್ರೆ, ಪೇಟೆಗಳಿವೆ. ಇಲ್ಲೇ ತಂಗಿ ಊರುಗಳನ್ನು ಕಾರಿನಿಂದಿಳಿದು ನೋಡಿ ಬರುವುದು ಸಾಮಾನ್ಯ ಕ್ರಮ. ಅದಕ್ಕಿಂತ ಲಾಂಗ್‌ಜಾ, ಧಂಕರ್, ಪಿನ್ ಕಣಿವೆಯ ಮುಧ್‌ಗಳಂಥ ಕಡೆ ಮನೆಗಳಲ್ಲೇ ಹೋಂ ಸ್ಟೇ ಹಿಡಿದು ಒಂದೆರಡು ರಾತ್ರಿ ಇರುವುದು ಮೇಲು. ಬಾಡಿಗೆ ನೇರವಾಗಿ ಮನೆಯವರಿಗೆ ಸಲ್ಲುತ್ತದೆ. ಅಲ್ಲಿಯ ಒಣ ಶೌಚಾಲಯಗಳನ್ನು ಹಿಂದುಳಿದದ್ದೆಂದು ಕಾಣಬಾರದು: ಅವು ನೀರು ಉಳಿಸುತ್ತವೆ, ಮಾಗಿದ ಗೊಬ್ಬರ ಬಾರ್ಲಿ ಬಟಾಣಿ ಹೊಲಗಳಿಗೆ ಹೋಗುತ್ತದೆ. ದಿನವಿಡೀ ನಲ್ಲಿ ನೀರು ಬಯಸುವ ಹೋಟೆಲುಗಳು ಹೆಚ್ಚಿದಷ್ಟೂ ಒಡ್ಡು ಕಟ್ಟಿ ಹಂಚಿಕೊಂಡ ಕಾಲುವೆಯ ಪಾಲು ಕುಗ್ಗುತ್ತದೆ. ಹಿಮ ಕಡಿಮೆ ಬಿದ್ದ ವರ್ಷಗಳಲ್ಲಿ ಬಿತ್ತನೆಯ ಹೊತ್ತಿಗೇ ನೀರಿಗೆ ಕೊರತೆಯಾಗುತ್ತದೆ. ಕಿಬ್ಬರ್‌ನಲ್ಲಿ ಈಚೆಗೆ ಚಳಿಗಾಲದಲ್ಲೂ ಹಿಮ ಚಿರತೆ ನೋಡುವವರು ಬರುತ್ತಿದ್ದಾರೆ. ಅವರಿಗೆ ದಾರಿ ತೋರಿಸುವವರು, ಹಿಂದೆ ಕುರಿ ಕಾಯುತ್ತ ಅದೇ ಚಿರತೆಯನ್ನು ಓಡಿಸುತ್ತಿದ್ದ ಊರಿನವರೇ.